ನೀರು ಕುಡಿಯದೆ ಹೊರಟ ಸರಸಕ್ಕ

ನಮ್ಮಕ್ಕ ಸರಸಮ್ಮನ ವಿಷಯ ಬರೆಯಲು ಕೂತರೆ ಈಗಲೂ ನನ್ನ ಮೈ ಉರಿಯುತ್ತದೆ. ಸಾತನೂರಿನ ಪಕ್ಕದ ಹಳ್ಳಿಗೆ ಸೊಸೆಯಾಗಿ ಹೋದಾಗಿನಿಂದ ರೇಷ್ಮೆ ಹುಳುವಿಗೆ ಸೊಪ್ಪು ಹೊತ್ತವಳು ಅವಳು. ಎರಡು ಸಾವಿರದ ಆರೇಳರ ಹೊತ್ತಿಗೆ ಕಾರ್ಖಾನೆಗಳ ವ್ಯಾನುಗಳು ಬೆಳಗಾಗುತ್ತಲೇ ಊರಿಗೆ ಬಂದು ಹೆಂಗಸರನ್ನೆಲ್ಲ ಗಾರ್ಮೆಂಟ್ಸಿಗೆ ತುಂಬಿಕೊಂಡು ಹೋಗತೊಡಗಿದವು. ಸೊಪ್ಪು ಕೊಯ್ಯಲು ಕೂಲಿಗೆ ಒಬ್ಬರೂ ಸಿಗದೆ ಎಲ್ಲ ಅಕ್ಕನ ತಲೆಗೇ ಬಿತ್ತು.

ಆಗಲೇ ಅವಳಿಗೆ ಕಾಯಿಲೆ ಶುರುವಾದದ್ದು. ಹೊರೆ ಹೊತ್ತು ಬದು ಹತ್ತಿದರೆ ಏದುಸಿರು. ಸಂಜೆಗೆ ಪಾದ ಊದಿ ಕಾಲುಂಗುರ ಬೆರಳಿಗೆ ಕಚ್ಚಿಕೊಳ್ಳುತ್ತಿತ್ತು. ರಾಮನಗರದಲ್ಲಿ ಎದೆ ಸ್ಕ್ಯಾನ್ ಮಾಡಿಸಿದರೆ ಪಂಪಿಂಗ್ ಚೆನ್ನಾಗಿದೆ ಎಂದು ಕಳಿಸಿದರು. ನನ್ನ ಭಾವ ದಾಸಪ್ಪನಿಗೆ ಅಷ್ಟೇ ಸಾಕಾಯಿತು. ಸುಸ್ತೆಂದು ಅಕ್ಕ ಜಗಲಿಯ ಮೇಲೆ ಕೂತರೆ, ಪಂಪಿಂಗ್ ಚೆನ್ನಾಗಿರುವವಳಿಗೆ ಎಂಥ ರೋಗ ಎಂದು ಬಂದವರ ಮುಂದೆಲ್ಲ ಆಡಿಕೊಂಡು ನಗುವನು. ಹುಳು ಸಾಕುವುದು ನಿಲ್ಲಿಸು ಎಂದು ನಾನು ಹೇಳಿದರೆ ಅವನು ಕೇಳುವ ಪೈಕಿಯಲ್ಲ.

ಬೆಂಗಳೂರಿನಲ್ಲಿ ಒಬ್ಬರು ಡಾಕ್ಟರಮ್ಮ, ಹೃದಯ ರಕ್ತವನ್ನು ಹೇಗೆ ತಳ್ಳುತ್ತದೆ ಎನ್ನುವುದಷ್ಟೇ ಅಲ್ಲ, ಹೇಗೆ ತುಂಬಿಕೊಳ್ಳುತ್ತದೆ ಎಂದೂ ಅಳೆಯುತ್ತಾರೆ ಎಂದು ಕೇಳಿ, ಅಕ್ಕನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಹೃದಯದ ಎಡಗಡೆಯ ದೊಡ್ಡ ಕೋಣೆಗೆ ರಕ್ತ ಇಳಿಯುವುದನ್ನು ಪರದೆಯ ಮೇಲೆ ನೋಡಿ ನೋಡಿ, ಅಂಥಾ ತೊಂದರೆ ಕಾಣುತ್ತಿಲ್ಲ ಎಂದರು ಅವರು. ಕಾಯಿಲೆ ಇಲ್ಲ ಎಂದದ್ದಕ್ಕೆ ಅಳುವವಳನ್ನು ನಾನು ಅವತ್ತೇ ನೋಡಿದ್ದು.

ಹೊರಗೆ ಹೋಟೆಲಿನಲ್ಲಿ ಕಾಫಿ ತರಿಸಿದರೆ ಅಕ್ಕ ಮುಟ್ಟಲೊಲ್ಲಳು. ನೀರೂ ಬೇಡವಂತೆ. ಗದರಿಸಿದ ಮೇಲೆ ಬಾಯಿಬಿಟ್ಟಳು.

“ನೆನ್ನೆ ಮದ್ಯಾನದಿಂದ ಒಂದು ತೊಟ್ಟು ನೀರು ಕುಡ್ದಿಲ್ಲ ಕಣೋ. ಬಸ್ನಾಗೆ ಬತ್ತಾ ಹೆಂಗಸ್ರು ಎಲ್ಲಿಗೋಗಕಾಯ್ತದೆ?”

ನಮ್ಮ ಕಡೆಯ ಹೆಂಗಸರೆಲ್ಲ ಹೀಗೇ. ದೂರದ ಬಸ್ಸೆಂದರೆ ಹಿಂದಿನ ದಿನವೇ ನೀರು ಬಂದ್. ತಲೆ ಚಚ್ಚಿಕೊಂಡು ಅವಳನ್ನು ಮತ್ತೆ ಡಾಕ್ಟರಮ್ಮನ ಮುಂದೆ ನಿಲ್ಲಿಸಿದೆ. ಮೈ ಒಣಗಿದ್ದರೆ ಹೃದಯಕ್ಕೆ ಬರುವ ರಕ್ತವೇ ಕಮ್ಮಿ, ತುಂಬಿಕೊಳ್ಳುವ ಕಷ್ಟ ಅಳತೆಗೆ ಸಿಗದೆ ಹೋಗಬಹುದು, ಎಂದಿನಂತೆ ಉಂಡು ಕುಡಿದು ಬನ್ನಿ ಎಂದರು.

ಮುಂದಿನ ವಾರ ರೇಷ್ಮೆಗೂಡು ಸಾಗಿಸುವ ಮುನಾವರನ ವ್ಯಾನಿನಲ್ಲಿ ಹೊರಟೆವು. ಕೇಳಿದಲ್ಲೆಲ್ಲ ನಿಲ್ಲಿಸಿದ ಪುಣ್ಯಾತ್ಮ. ದಾಸಪ್ಪನನ್ನೂ ಬಲವಂತವಾಗಿ ಹತ್ತಿಸಿಕೊಂಡಿದ್ದೆ. ಈ ಸಲ ಡಾಕ್ಟರಮ್ಮ ಅವಳನ್ನು ಮಲಗಿಸಿ, ಕಾಲಿನ ರಕ್ತ ಹೃದಯಕ್ಕೆ ಇಳಿಯಲೆಂದು ಕಾಲುಗಳನ್ನು ಮೇಲೆತ್ತಿ ಹಿಡಿಸಿ ಅಳೆದರು. ಕಾಯಿಲೆ ಸಿಕ್ಕಿಬಿತ್ತು. ಹೃದಯ ಬಿಗಿಯುವುದೇನೋ ಸರಿ, ಸಡಿಲವಾಗುವುದಿಲ್ಲ. ರಕ್ತ ತುಂಬಿಕೊಳ್ಳಲಾರದೆ ಶ್ವಾಸಕೋಶದ ಕಡೆಗೆ ಒತ್ತುತ್ತದೆ ಎಂದು ದಾಸಪ್ಪನಿಗೇ ಬಿಡಿಸಿ ಹೇಳಿದರು. ಉಪ್ಪು ಕಮ್ಮಿ ಮಾಡಬೇಕು, ಹೊರೆ ಹೊರುವಂತಿಲ್ಲ, ಮೈಯ ನೀರಿಳಿಸಲು ದಿನಾ ಬೆಳಗ್ಗೆ ಒಂದು ಮಾತ್ರೆ. ಆ ಸಲದ ಹುಳುವಿನ ಬೆಳೆ ಮುಗಿದ ಮೇಲೆ ಭಾವ ತಟ್ಟೆಗಳನ್ನು ತಾನೇ ಅಟ್ಟಕ್ಕೆ ಹಾಕಿದ. ಗೆದ್ದೆವು ಅಂದುಕೊಂಡೆ.

ತಿಂಗಳಾದ ಮೇಲೆ ಹೋಗಿ ನೋಡಿದರೆ ಅಕ್ಕನ ಕಾಲು ಕಂಬದ ಹಾಗೆ ಊದಿತ್ತು. ಮಾತಾಡಲೂ ಉಸಿರು ಸಾಲದು. ಮಾತ್ರೆ ಎಲ್ಲಿ ಎಂದರೆ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗಿಂದ ತೆಗೆದಳು, ಒಂದು ಪಟ್ಟಿಯನ್ನೂ ಒಡೆದಿರಲಿಲ್ಲ. ಇಷ್ಟು ಒದ್ದಾಡಿದ್ದೆಲ್ಲ ಇದಕ್ಕೇನಾ ಎಂದು ನನ್ನ ಸಿಟ್ಟು ನೆತ್ತಿಗೇರಿತು. ಕೂಗಾಡಿದ್ದು ಕೇಳಿ ದಾಸಪ್ಪನೂ ಬಾಗಿಲಿಗೆ ಬಂದು, ಯಾಕೆ ನುಂಗಲಿಲ್ಲ ಎಂದು ರೇಗಿದ.

ಅಕ್ಕ ಅವನ ಮುಖ ನೋಡಿಯೇ ಹೇಳಿದಳು.

“ಅದ ನುಂಗುದ್ರೆ ಗಳಿಗೆಗೊಂದ್ಸಲ ಹೋಗ್ಬೇಕು. ಕತ್ಲಾಗಗಂಟ ಹೊಲದ್ಕಡೀಕೆ ಹೋಗಂಗಿಲ್ಲ. ಮನೇಲಿ ಜಾಗ ಎಲ್ಲೈತೆ, ಹೇಳಿ.”

ಗಾಳಿ ಬೆಳಕು ನೋಡಿ ಹುಳುವಿಗೆ ದೊಡ್ಡ ಮನೆ ಕಟ್ಟಿಸಿದ್ದ ಗಂಡಸು, ಬಾಗಿಲಿನಿಂದಲೇ ಆ ಖಾಲಿ ಹುಳುಮನೆಯ ಕಡೆ ತಿರುಗಿ ನೋಡಿದ.