ಕತ್ತಿನ ಕೆಳಗಿನ ಅಪ್ಪ

ದಂಡನಾಯಕರ ಸೊಂಟಕ್ಕೆ ಟೇಪು ಸುತ್ತಿ, ಅದರ ಇನ್ನೊಂದು ತುದಿಗಾಗಿ ಕಂಚಿನ ಬೆನ್ನ ಹಿಂದೆ ತಡಕಾಡುತ್ತಿದ್ದಾಗಲೇ ಟೇಪಣ್ಣ ಸಿಕ್ಕಿಬಿದ್ದದ್ದು. ಪ್ರವಾಸಿಗರ ಬಸ್ಸೊಂದು ಆಗತಾನೇ ಚೌಕದಲ್ಲಿ ಖಾಲಿಯಾಗಿತ್ತು. "ಈ ಮಹಾಶೂರನ ಹತ್ತಿರ ಸುಳಿಯುವ ಧೈರ್ಯ ಇಂದಿನವರೆಗೂ ಯಾರಿಗೂ ಬಂದಿಲ್ಲ" ಎಂದು ಗೈಡು ಕೈಯೆತ್ತಿ ತೋರಿಸಿದ. ತೋರಿಸಿದ ಕಡೆ ಐವತ್ತು ದಾಟಿದ ಗಂಡಸೊಬ್ಬ ಮಹಾಶೂರನನ್ನು ಬಾಚಿ ತಬ್ಬಿಕೊಂಡು, ಅವನ ಹೊಟ್ಟೆಗೆ ಕೆನ್ನೆ ಆನಿಸಿಕೊಂಡು ನಿಂತಿದ್ದ.

ಕಾವಲುಗಾರ ಸೀಟಿ ಊದುತ್ತಾ ಓಡಿಬಂದ. "ಇಳಿಯಯ್ಯಾ ಕೆಳಗೆ! ದಂಡನಾಯಕರನ್ನ ಮುಟ್ಟಿದ್ರೆ ದಂಡ ಅಂತ ಬೋರ್ಡು ಹಾಕಿಲ್ವಾ? ಏನು ಮಾಡ್ತಿದ್ದೀಯ ಅಲ್ಲಿ?"

"ಮ್ಮ್ಮ್" ಎಂದ ಟೇಪಣ್ಣ. ಬಾಯಿತುಂಬ ಗುಂಡುಸೂಜಿ. ಕಂಚಿಗೆ ಸೂಜಿ ಚುಚ್ಚುವಂತಿರಲಿಲ್ಲ, ನಿಜ. ಆದರೆ ಕೈಗೆ ಟೇಪು ಬಂದರೆ ಬಾಯಿಗೆ ಸೂಜಿ ಹೋಗುವುದು ಟೇಲರನ ಅಭ್ಯಾಸ. ಒಂದೊಂದಾಗಿ ಅಂಗೈಗೆ ಉಗುಳಿಕೊಂಡು ಹೇಳಿದ: "ನಮ್ಮಪ್ಪನ ಅಳತೆ ತಗೋತಿದ್ದೆ ಸಾರ್."

ಕಾವಲುಗಾರ ಮೇಲೆ ನೋಡಿದ, ಕೆಳಗೆ ನೋಡಿದ. "ಇವರು ಸತ್ತು ಇನ್ನೂರು ವರ್ಷ ಆಯ್ತು. ನಿನಗೆಷ್ಟು ವಯಸ್ಸು?"

"ತಲೆ ಮಾತ್ರ ಅವರದು ಸಾರ್. ಕತ್ತಿನ ಕೆಳಗೆ ನಮ್ಮಪ್ಪ."

ಸುಳ್ಳಲ್ಲ. ಪ್ರತಿಮೆ ಮಾಡಿದ ಶಿಲ್ಪಿಗೆ ದಂಡನಾಯಕರ ಮುಖ ಒಂದು ಹಳೆಯ ಚಿತ್ರದಲ್ಲಿ ಸಿಕ್ಕಿತ್ತು, ಮೈ ಸಿಕ್ಕಿರಲಿಲ್ಲ. ಗಂಟೆಗಟ್ಟಲೆ ಅಲುಗದೆ ನಿಲ್ಲುವ ಮೈಯೇ ಬೇಕು. ಟೇಪಣ್ಣನ ಅಪ್ಪ ಬಟ್ಟೆ ಅಂಗಡಿಯ ಸೇಲ್ಸ್‌ಮನ್. ನಿಲ್ಲುವುದೇ ಅವರ ನಿಲುವು. ಶಿಲ್ಪಿ ಅವರನ್ನೇ ಮಾದರಿಯಾಗಿ ನಿಲ್ಲಿಸಿಕೊಂಡ. ಪ್ರತಿಮೆ ಪೀಠ ಏರಿದ ವರ್ಷವೇ ಅಪ್ಪ ಜ್ವರದಲ್ಲಿ ತೀರಿಕೊಂಡರು. ಮಗ ಆಗಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದ. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಕತ್ತಿನ ಮೇಲಿನ ಅಪ್ಪ, ಚೌಕದಲ್ಲಿ ಕತ್ತಿನ ಕೆಳಗಿನ ಅಪ್ಪ. ದಂಡನಾಯಕರ ತಲೆಯ ಬಗ್ಗೆ ಟೇಪಣ್ಣ ಎಂದೂ ತಲೆ ಕೆಡಿಸಿಕೊಂಡವನಲ್ಲ.

ರಜಾ ಬಂತೆಂದರೆ ಅಮ್ಮ, "ನಡಿ, ಅಪ್ಪನ್ನ ಮಾತಾಡಿಸ್ಕೊಂಡು ಬರೋಣ" ಎನ್ನುತ್ತಿದ್ದಳು. ನೇರ ಹೋದರೆ ಬೇಗ ಮುಗಿದುಹೋಗುತ್ತದೆಂದು ಸುತ್ತುದಾರಿ ಹಿಡಿಯುತ್ತಿದ್ದರು. ಸೇತುವೆ ಹತ್ತಿರದ ಕಂಚಿನ ಕವಿ, ಮಾರುಕಟ್ಟೆ ಮುಂದಿನ ರಾಣಿ, ಯುದ್ಧದಲ್ಲಿ ಮಡಿದವರ ಕಲ್ಲಿನ ಗೋಡೆ, ಎಲ್ಲರನ್ನೂ ವಿಚಾರಿಸಿಕೊಂಡೇ ಅಪ್ಪನ ಹತ್ತಿರ. "ಇವರೆಲ್ಲ ನಿಮ್ಮಪ್ಪನ ಜೊತೆಗಾರರು ಕಣೋ." ಕವಿಯ ಶಾಲು ಯಾವ ಗಾಳಿಗೂ ಜಾರದ್ದು, ರಾಣಿಯ ತೋಳಿಗೆ ಹೊಲಿಗೆಯೇ ಇಲ್ಲದ್ದು, ಇವನ್ನು ನೋಡುತ್ತ ನೋಡುತ್ತಲೇ ಹುಡುಗ ಟೇಲರ್ ಆದ.

ಈಗ ಅಮ್ಮನಿಗೆ ಮಂಡಿನೋವು. ಒಂದು ಕಣ್ಣು ಮಂಜಾಗಿದೆ, ಇನ್ನೊಂದು ಅದರ ದಾರಿ ಹಿಡಿದಿದೆ. ಮೊನ್ನೆ ಪೆಟ್ಟಿಗೆ ತೆಗೆದು ಕಡುನೀಲಿ ಉಣ್ಣೆಬಟ್ಟೆಯ ತುಂಡೊಂದನ್ನು ಮಗನ ಮಡಿಲಿಗಿಟ್ಟಳು. ಕೋಟು ಹೊಲಿಸಿಕೊಳ್ಳಲೆಂದು ಅಪ್ಪ ಅಂಗಡಿಯಲ್ಲಿ ತಾವೇ ಹರಿದು ತಂದದ್ದು. ಹೊಲಿಸಲು ಆಯುಸ್ಸು ಸಾಲಲಿಲ್ಲ. "ಒಂದು ಕಣ್ಣಾದ್ರೂ ಇರೋವಾಗ ನಿಮ್ಮಪ್ಪನ ಕೋಟು ನೋಡ್ಬೇಕು. ಅವರ ಅಳತೆಗೇ ಹೊಲಿ."

ಇದ್ದದ್ದು ಒಂದೇ ತುಂಡು. ಅಂಥ ಬಟ್ಟೆ ಈಗ ಯಾವ ಗಿರಣಿಯಲ್ಲೂ ಬರುವುದಿಲ್ಲ. ಕತ್ತರಿ ತಪ್ಪಿದರೆ ತಪ್ಪಿತು. ಬಾಯಿಮಾತಿನ ಅಳತೆಯನ್ನು ಟೇಲರ್ ನಂಬುವುದಿಲ್ಲವಾದ್ದರಿಂದ ಅಮ್ಮನನ್ನೂ ಕೇಳದೆ ಸೀದಾ ಚೌಕಕ್ಕೆ ಬಂದಿದ್ದ.

ಇಷ್ಟು ಕೇಳಿದ ಕಾವಲುಗಾರ ಸೀಟಿಯನ್ನು ಜೇಬಿಗಿಳಿಸಿ, ಟೇಪಿನ ಇನ್ನೊಂದು ತುದಿ ತಾನೇ ಹಿಡಿದ. "ಎದೆ ಬಿಗಿಯಾಗಿ ಹಿಡೀಲಾ, ಸಡಿಲವಾಗಾ?"

ಮನೆಗೆ ಬಂದು ಮೇಜಿನ ಮೇಲೆ ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಗೀಟು ಹಾಕಿದ. ಬೆನ್ನು ಬಂತು, ಎದೆ ಬಂತು, ತೋಳಿಗೆ ಜಾಗವೇ ಇಲ್ಲ. ಉದ್ದಕ್ಕೆ ತಿರುಗಿಸಿದ, ಅಡ್ಡಕ್ಕೆ ತಿರುಗಿಸಿದ. ಅಳತೆ ತರಲು ಹೋದವನಿಗೆ ಈಗ ಅಳು ಬರುವುದೊಂದು ಬಾಕಿ.

"ಅಮ್ಮಾ, ಬಟ್ಟೆ ಸಾಲಲ್ಲ. ಅಪ್ಪ ಲೆಕ್ಕ ತಪ್ಪಿದಾರೆ."

"ಅವರಾ? ಗಿರಾಕಿ ಬಾಗಿಲಲ್ಲಿ ಕಂಡ್ರೆ ಸಾಕು, ಇಷ್ಟು ಬೇಕು ಅಂತ ಹರಿಯೋರು." ಅಮ್ಮ ಎದ್ದು ಬಂದು, ಒಳ್ಳೆಯ ಕಣ್ಣನ್ನು ಗೀಟಿನ ಹತ್ತಿರ ತಂದಳು. "ಇದ್ಯಾರಿಗೋ ಕೋಟು? ಆನೆಗಾ?"

"ಅಪ್ಪಂಗೆ. ಪ್ರತಿಮೇನ ಅಳೆದೇ ತಂದೆ."

ಅಮ್ಮ ನಕ್ಕ ನಗೆಗೆ ಕುರ್ಚಿ ಹಿಡಿದುಕೊಳ್ಳಬೇಕಾಯಿತು. "ಅಯ್ಯೋ ಪೆದ್ದೇ! ಅಷ್ಟೆತ್ತರ ನಿಲ್ಸೋದನ್ನ ಮನುಷ್ಯರಷ್ಟೇ ಮಾಡಿದ್ರೆ ಕೆಳಗಿಂದ ಗುಬ್ಬಿ ಥರ ಕಾಣಲ್ವಾ? ದೊಡ್ಡದಾಗೇ ಮಾಡ್ತಾರೆ. ನಿಮ್ಮಪ್ಪ ಮೇಲಿನ ಶೆಲ್ಫಿಗೆ ಸ್ಟೂಲು ಹತ್ತೋರು ಕಣೋ."

ಟೇಪಣ್ಣ ಟೇಪನ್ನು ಕೊರಳಿಂದ ತೆಗೆದಿಟ್ಟ. ಹುಟ್ಟಿದಾಗಿನಿಂದ ಕತ್ತೆತ್ತಿಯೇ ನೋಡಿದ ಅಪ್ಪ. ಅವರೆದುರು ತಾನು ಒಗೆತಕ್ಕೆ ಕುಗ್ಗಿದ ಬಟ್ಟೆ ಎಂದೇ ತಿಳಿದು ಇಷ್ಟು ವರ್ಷ ಬಾಳಿದ್ದ.

"ಹಾಗಾದ್ರೆ ಎಷ್ಟಿದ್ರು?"

"ಬಾ ಇಲ್ಲಿ." ಅಮ್ಮ ಅವನೆದುರು ನಿಂತು ಅವನೆದೆಗೆ ತಲೆ ಆನಿಸಿದಳು. "ನನ್ನ ಕಿವಿ ಅವರ ಜೇಬಿನ ಹತ್ರ ಬರ್ತಿತ್ತು. ನಾನೀಗ ಒಂಚೂರು ಕುಗ್ಗಿದೀನಿ, ಅದನ್ನ ಸೇರಿಸಿ ನೋಡು... ನಿನ್ನಷ್ಟೇ ಕಣೋ." ಹೇಳಿಯಾದ ಮೇಲೂ ತಲೆಯನ್ನು ಅಲ್ಲಿಂದ ತೆಗೆಯಲಿಲ್ಲ.

ಸೀಮೆಸುಣ್ಣದ ಗೀಟು ಕೊಡವಿ ತನ್ನದೇ ಅಳತೆಗೆ ಮತ್ತೆ ಹಾಕಿದ. ತೋಳು ಬಂತು, ಕಾಲರು ಬಂತು. ಉಳಿದದ್ದು ಗುಂಡಿಯೊಂದನ್ನು ಮುಚ್ಚುವಷ್ಟು ಚೂರು.

ಮುಂದಿನ ರಜಾದಿನ ತಾಯಿ ಮಗ ಬಸ್ಸು ಹತ್ತಿದರು. ಕವಿಗೆ ಕಿಟಕಿಯಿಂದಲೇ ನಮಸ್ಕಾರ, ರಾಣಿಗೂ ಅಷ್ಟೇ. ಚೌಕದಲ್ಲಿ ಇಳಿದ ಅಮ್ಮ ಪೀಠದ ಕಡೆ ಕತ್ತೆತ್ತಲೇ ಇಲ್ಲ. ಮಗನ ಕೋಟಿನ ಹೆಗಲು ಸವರಿದಳು, ತೋಳು ಸವರಿದಳು, ಮೇಲಿನ ಗುಂಡಿ ಹಾಕಿ, "ಸ್ವಲ್ಪ ನೆಟ್ಟಗೆ ನಿಂತ್ಕೊಳ್ರೀ" ಎಂದಳು.

ಐವತ್ತು ವರ್ಷ 'ಕಣೋ' ಆಗಿದ್ದವನು 'ರೀ' ಎಂಬುದಕ್ಕೆ ನೆಟ್ಟಗೆ ನಿಂತ. ಅಲುಗಲಿಲ್ಲ.

ಪಕ್ಕದಲ್ಲಿದ್ದ ಕಾವಲುಗಾರ ಟೋಪಿ ತೆಗೆದು ಮೂಗೊರೆಸಿಕೊಂಡ. "ಟೇಲರ್ ಸಾಹೇಬ್ರೇ, ಅಪ್ಪನ ಕೋಟು ಹಾಕ್ಕೊಂಡು ಅಪ್ಪನೆದುರೇ ನಿಂತಿದ್ದೀರಿ. ಹೇಗನ್ನಿಸ್ತಿದೆ?"

ಟೇಪಣ್ಣ ಯೋಚಿಸಿದ.

"ಕಂಕುಳಲ್ಲಿ ಬಿಗಿ ಸಾರ್. ಅಂಗಡೀಲಿ ಇನ್ನೊಂದು ಗೇಣು ಬಟ್ಟೆ ಹರಿದಿದ್ರೆ ಅಪ್ಪನ ಗಂಟೇನು ಹೋಗ್ತಿತ್ತು?"