ಅಡ್ಮಿನ್‌ಗೂ ಅದೇ ನಿಯಮ

ಅಮೆರಿಕದ ಫ್ಯಾಕ್ಟೋರಿಯಾ ಎಂಬ ಊರಿನ ಒಂದು ಸಣ್ಣ ಕಂಪನಿಯಲ್ಲಿ ಶಾಲೆಟ್ ಟೆಸ್ಟರ್. ಕ್ಲಿನಿಕ್‌ಗಳು ಬಳಸುವ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ. 2014ರ ಮಾರ್ಚಿನಲ್ಲಿ ಅವಳ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಡಾಕ್ಟರು, ನರ್ಸುಗಳ ಪಾಸ್‌ವರ್ಡ್ ಹನ್ನೆರಡು ಅಕ್ಷರಕ್ಕಿಂತ ಚಿಕ್ಕದಿದ್ದರೆ ಸಾಫ್ಟ್‌ವೇರ್ ಒಪ್ಪುತ್ತಿರಲಿಲ್ಲ. ಆದರೆ ಇಡೀ ವ್ಯವಸ್ಥೆ ಯಾರ ಕೈಯಲ್ಲಿದೆಯೋ ಆ ಅಡ್ಮಿನ್ ಒಂದೇ ಒಂದು ಅಂಕಿ ಒತ್ತಿದರೂ ತೆಪ್ಪಗೆ ಒಪ್ಪಿಕೊಳ್ಳುತ್ತಿತ್ತು.

ಅವಳು ಅದನ್ನು ತಪ್ಪೆಂದು ದಾಖಲಿಸಿದಳು. 'ಬೇಕೆಂದೇ ಹೀಗೆ ಮಾಡಿದ್ದು' ಎಂಬ ಷರಾದೊಂದಿಗೆ ಅದು ವಾಪಸು ಬಂತು. ಮತ್ತೆ ದಾಖಲಿಸಿದಳು. ಮತ್ತೆ ಬಂತು. ಮೂರನೆಯ ಸಲಕ್ಕೆ ತಂಡದ ಮುಖ್ಯಸ್ಥ, ಮೈಸೂರಿನ ದ್ವಾರಕಾನಾಥ, ಅವಳನ್ನು ಮೀಟಿಂಗಿಗೆ ಕರೆದರು.

"ನೋಡಿ ಶಾಲೆಟ್, ಅಡ್ಮಿನ್ ಅಂದ್ರೆ ಎಲ್ಲಾ ತಿಳಿದೋರು. ಅವರ ಸಿಸ್ಟಮ್, ಅವರಿಷ್ಟ. ಬೇಕಾದ್ರೆ ಒಂದು ವಾರ್ನಿಂಗ್ ತೋರಿಸೋಣ. ಅವರನ್ನೇ ತಡೆಯೋಕೆ ನಾವ್ಯಾರು?"

ಗಂಡ ಗ್ಲೆನ್‌ಗೂ ಹೇಳದ ಮಾತನ್ನು ಶಾಲೆಟ್ ಅಂದು ಅಲ್ಲಿ ಹೇಳಿದಳು.

"ನಾನೂ ಅಡ್ಮಿನ್ ಆಗಿದ್ದೆ ಮಾರಾಯ್ರೆ, ಉಡುಪಿಯ ಒಂದು ಸಣ್ಣ ಆಸ್ಪತ್ರೇಲಿ. ದಿನಕ್ಕೆ ನಲವತ್ತು ಸಲ ಟೈಪ್ ಮಾಡ್ಬೇಕಲ್ಲ ಅಂತ ಆರು ಸೊನ್ನೆ ಇಟ್ಕೊಂಡಿದ್ದೆ. ವಾರ್ನಿಂಗ್ ದಿನಾ ಬರ್ತಿತ್ತು, ದಿನಾ ಮುಚ್ತಿದ್ದೆ. ಯಾರೋ ಅದನ್ನ ಊಹಿಸಿ ಸಿಸ್ಟಮ್ ಒಳಗೆ ಬಂದು ಮೂರು ದಿನದ ಲ್ಯಾಬ್ ರಿಪೋರ್ಟೆಲ್ಲ ಅಳಿಸಿಬಿಟ್ರು. ದೇವೀರಮ್ಮ ಅಂತ ಒಬ್ಬರು, ಎಂಬತ್ತು ವರ್ಷ. ಸೂಜಿ ಚುಚ್ಚಿ ನೀಲಿಗಟ್ಟಿದ್ದ ಕೈಯನ್ನೇ ರಕ್ತ ಕೊಡೋಕೆ ಮತ್ತೆ ಚಾಚಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ನಂಗೆ ಎಲ್ಲ ತಿಳಿದಿತ್ತು."

ದ್ವಾರಕಾನಾಥ ಕೇಳಿದರು: "ಕಸ್ಟಮರ್ಸ್ ಕೂಗಾಡಿದ್ರೆ?"

"ಅವರ ಫೋನ್ ಕಾಲ್ ನಂಗೇ ಕೊಡಿ. ಚಿಹ್ನೆ ಬೇಕು, ಅಂಕಿ ಬೇಕು, ತಿಂಗಳಿಗೊಮ್ಮೆ ಬದಲಿಸಬೇಕು ಅಂತೆಲ್ಲ ಪೀಡಿಸೋದು ಬೇಡ. ಉದ್ದ ಇದ್ರೆ ಸಾಕು. ನೆನಪಿರೋ ಒಂದು ವಾಕ್ಯ ಇಟ್ಕೊಳ್ಳಲಿ."

ಜೂನ್‌ನಲ್ಲಿ ಅಡ್ಮಿನ್‌ಗೂ ಹನ್ನೆರಡು ಅಕ್ಷರದ ನಿಯಮ ಜಾರಿಗೆ ಬಂತು. ಮೊದಲ ವಾರವೇ ಅರವತ್ತಕ್ಕೂ ಹೆಚ್ಚು ಕರೆಗಳು. "ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದು ರೇಗಿದವರಿಗೆಲ್ಲ ಶಾಲೆಟ್ ತಾಳ್ಮೆಯಿಂದ ತನ್ನ ಆರು ಸೊನ್ನೆಗಳ ಕಥೆ ಹೇಳಿದಳು. ಹೇಳಿದಷ್ಟೂ ನಾಚಿಕೆ ಕರಗುತ್ತ ಹೋಯಿತು.

ಎರಡು ವರ್ಷದ ಮೇಲೆ ಒಂದು ಸೋಮವಾರ ದ್ವಾರಕಾನಾಥ ಲ್ಯಾಪ್‌ಟಾಪ್ ಹಿಡಿದು ಅವಳ ಮೇಜಿನ ಬಳಿಗೇ ಬಂದರು. ಒಂದು ಕ್ಲಿನಿಕ್‌ನ ಅಡ್ಮಿನ್ ಖಾತೆಗೆ ನುಗ್ಗಲು ಯಾರೋ ಶನಿವಾರ, ಭಾನುವಾರ ಎರಡೂ ದಿನ ಒಂದೇ ಸಮನೆ ಪಾಸ್‌ವರ್ಡ್ ಊಹಿಸಿ ನೋಡಿದ್ದರು. ಹನ್ನೊಂದು ಸಾವಿರ ಸಲ. ಒಂದೂ ತಾಗಿರಲಿಲ್ಲ.

"ನೀವು ಹಟ ಹಿಡೀದೇ ಇದ್ದಿದ್ರೆ ಇವರ ಕಥೆ ಮುಗೀತಿತ್ತು," ಎಂದು ಇಡೀ ತಂಡಕ್ಕೆ ಕೇಳುವಂತೆ ಹೇಳಿದರು.

ಆ ಸಂಜೆ ಟೋಟೆಮ್ ಲೇಕ್‌ನ ಮನೆಯಲ್ಲಿ ಊಟಕ್ಕೆ ಕೂತಾಗ ಶಾಲೆಟ್ ಗ್ಲೆನ್‌ಗೂ ಮಗಳು ಶರೋನ್‌ಗೂ ಉಡುಪಿಯಿಂದ ಹಿಡಿದು ಎಲ್ಲವನ್ನೂ ಮೊದಲ ಸಲ ಹೇಳಿದಳು.

"ಮಮ್ಮಿ, ಯು ಡಿಡ್ ದ್ಯಾಟ್?" ಶರೋನ್ ಕಣ್ಣರಳಿಸಿದಳು.

"ಹೌದು," ಎಂದಳು ಶಾಲೆಟ್, "ತಪ್ಪು ಮಾಡಿದ್ದೂ ನಾನೇ, ನಿಯಮ ತಂದದ್ದೂ ನಾನೇ."

ಗ್ಲೆನ್ ಎದ್ದು, ಸಾರಿನಲ್ಲಿದ್ದ ದೊಡ್ಡ ಮೀನಿನ ತುಂಡನ್ನು ಅವಳ ತಟ್ಟೆಗೆ ಬಡಿಸಿದ.