ಒಂದೇ ಮಗ್ಗುಲು, ಜೋರಾಗಿ

ಬೆರಳಿನಿಂದ ಓದುವವರಿಗಾಗಿ ಪುಸ್ತಕ ಅಚ್ಚು ಹಾಕುವ ಬ್ರೈಲ್ ಮುದ್ರಣಾಲಯಗಳಿಗೆ ಕಂಪ್ಯೂಟರ್ ಕಾಲಿಟ್ಟ ದಿನದಿಂದ ಅದರ ಮುಂದೆ ಕೂತು, ಕೂತಲ್ಲೇ ತಲೆ ನರೆಸಿಕೊಂಡವರು ಹೆಚ್ಚು ಮಂದಿ ಇಲ್ಲ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಗಣಕ ವಿಭಾಗದ ಮುಖ್ಯಸ್ಥೆ ಆ ವಿರಳ ಪಂಕ್ತಿಗೆ ಸೇರಿದವರು. ಅವರ ಸೇವೆ ದೊಡ್ಡದು. ಅವರ ಪಕ್ಕದ ಕುರ್ಚಿಯಲ್ಲಿ ಕೂತವರ ಪಾಡೂ ಚಿಕ್ಕದಲ್ಲ. 'ಸಾಲು ಮೇಡಂ' ಎಂಬ ಅಡ್ಡಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ.

ಕಿರಿಯ ಆಪರೇಟರ್ ಆ ಪಕ್ಕದ ಕುರ್ಚಿಗೆ ಬಂದ ದಿನ ಪರದೆಯ ಮೇಲೆ ಒತ್ತಲು ಒಂದು ಚಿತ್ರವೂ ಇರಲಿಲ್ಲ. ಬರೀ ಕಪ್ಪು. ಪ್ರೋಗ್ರಾಮಿನ ಹೆಸರು, ಕಡತದ ಹೆಸರು, ಸಾಲಿಗೆ ಎಷ್ಟು ಅಕ್ಷರ, ಹಾಳೆಯ ಒಂದು ಮಗ್ಗುಲಿಗೋ ಎರಡಕ್ಕೋ, ಎಲ್ಲವನ್ನೂ ಅಡ್ಡಗೆರೆ ಹಾಕಿ ಹಾಕಿ ಒಂದೇ ಸಾಲಿನಲ್ಲಿ ಟೈಪ್ ಮಾಡಬೇಕಿತ್ತು.

"ಮೇಡಂ, ಇದಕ್ಕೊಂದು ಐಕಾನ್ ಮಾಡಿಬಿಡ್ಲಾ? ಒಂದು ಕ್ಲಿಕ್, ಮುಗೀತು."

"ಏನು ಮುಗೀತು ಅಂತ ನಿನಗೇ ಗೊತ್ತಿರಲ್ಲ. ಟೈಪ್ ಮಾಡಪ್ಪ."

ಟೈಪ್ ಮಾಡಿದರೂ ಬಿಡುಗಡೆಯಿಲ್ಲ. ಸಾಲನ್ನು ಒಂದನೇ ತರಗತಿಯ ಮಗುವಿನಂತೆ ಗಟ್ಟಿಯಾಗಿ ಓದಬೇಕು. ಎದುರಿನ ಮೇಜಿನಲ್ಲಿ ಕೂತ, ಕಣ್ಣು ಕಾಣದ, ಬೆರಳಲ್ಲೇ ಕರಡು ತಿದ್ದುವ ಅಣ್ಣ 'ಹೂಂ' ಎಂದ ಮೇಲೆಯೇ ಎಂಟರ್. ಹಿಂದಿನ ಸಾಲನ್ನು ವಾಪಸ್ ತರುವ ಮೇಲ್ಬಾಣದ ಕೀಲಿಗಂತೂ ಕಟ್ಟುನಿಟ್ಟಿನ ನಿಷೇಧ. "ನಿನ್ನೆ ತೊಳೀದಿರೋ ಪಾತ್ರೇಲಿ ಇವತ್ತಿನ ಅಡುಗೆ ಮಾಡ್ತೀಯಾ?" ಎಂದು ಮೇಡಂ ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದರು.

ಆಪರೇಟರನ ತಂದೆ ಆಸ್ಪತ್ರೆ ಸೇರಿದಾಗ ಅವನ ಪಾಳಿಯನ್ನೂ ವಾರಗಟ್ಟಲೆ ಮೇಡಂ ತಾವೇ ಹೊತ್ತರು. ಅವನು ಮರಳಿದ ಬೆಳಿಗ್ಗೆ "ಅಪ್ಪ ಹೇಗಿದ್ದಾರೆ?" ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ಪರದೆಯ ಸಾಲಿನಲ್ಲಿ ಅವನು ಬಿಟ್ಟಿದ್ದ ಅಡ್ಡಗೆರೆಯ ಜಾಗದತ್ತ ಬೆರಳು ತೋರಿಸಿದರು. ಕೈಮುಗಿಯಬೇಕೋ ಕೀಬೋರ್ಡ್ ಎತ್ತಿ ಕುಕ್ಕಬೇಕೋ ಅವನಿಗೆ ತಿಳಿಯಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ರೇಖಾಗಣಿತದ ಪ್ರಶ್ನೆಪತ್ರಿಕೆ ಅಚ್ಚಾಗಬೇಕಿತ್ತು. ಮರುದಿನವೇ ಪರೀಕ್ಷೆ. ಹೊರಗೆ ವ್ಯಾನು, ಒಳಗೆ ತಲೆಯ ಮೇಲೆ ನಿರ್ದೇಶಕರು. ಸಾಲು ಮೇಡಂ ಮೇಲ್ಬಾಣ ಒತ್ತಿದರು! ನಿನ್ನೆಯ ಕಥೆಪುಸ್ತಕದ ಸಾಲು ಬಂತು. ಕಡತದ ಹೆಸರಷ್ಟೇ ಬದಲಿಸಿ, ಓದದೆ ಎಂಟರ್ ಕುಟ್ಟಿದರು. ಆಪರೇಟರ್ ಕಣ್ಣು ಉಜ್ಜಿಕೊಂಡ.

ಪ್ರತಿಗಳೆಲ್ಲ ಹೊರಬಿದ್ದ ಮೇಲೆ ಅಣ್ಣ ಹಾಳೆಯ ಮೇಲೆ ಬೆರಳಾಡಿಸಿದರು.

"ಏನಮ್ಮಾ ಇದು, ನಿಮ್ಮ ತ್ರಿಕೋನಕ್ಕೆ ಮೊಡವೆ ಎದ್ದಿದೆ!"

ಕಥೆಪುಸ್ತಕ ಎರಡು ಮಗ್ಗುಲಿನದು, ಅದರ ಸಾಲು ಪ್ರಶ್ನೆಪತ್ರಿಕೆಯನ್ನೂ ಎರಡೂ ಮಗ್ಗುಲಿಗೆ ಅಚ್ಚು ಹಾಕಿತ್ತು. ಹಿಂಬದಿಯ ಉಬ್ಬು ಚುಕ್ಕಿಗಳ ಗುರುತು ಚಿತ್ರದ ಗೆರೆಗಳ ನಡುವೆ ತೂರಿಕೊಂಡಿತ್ತು.

"ಅಂದಾಜಲ್ಲಿ ಓದ್ಕೋತಾರೆ ಬಿಡಿ, ವ್ಯಾನ್ ಕಾಯ್ತಿದೆ" ಎಂದರು ನಿರ್ದೇಶಕರು.

"ನಾನಾದ್ರೆ ಇಲ್ಲಿಂದ್ಲೇ ಕೂಗಿ ಕೇಳ್ತೀನಿ. ಪರೀಕ್ಷೆ ಕೋಣೇಲಿ ಕೂತ ಮಗು ಯಾರನ್ನ ಕೇಳ್ಬೇಕು ಸಾರ್?" ಎಂದರು ಅಣ್ಣ.

ಮೇಡಂ ಎದ್ದರು. ಹಾಳೆಗಳನ್ನೆಲ್ಲ ತಾವೇ ಬಾಚಿ ರದ್ದಿಗೆ ಹಾಕಿದರು. "ತಪ್ಪು ನನ್ನದು. ಓದದೆ ಒತ್ತಿದೆ. ವ್ಯಾನ್ ನಿಲ್ಲಲಿ ಸಾರ್." ಆಮೇಲೆ ಆಪರೇಟರನ ಕಡೆ ತಿರುಗಿ, "ನೀನು ಕೂತ್ಕೊ. ಇವತ್ತು ನನ್ನ ಕೈ ಬೇಡ" ಎಂದರು.

ಅವನು ಒಂದೊಂದೇ ಅಕ್ಷರ ಟೈಪ್ ಮಾಡಿ ಓದಿದ. "ಅಡ್ಡಗೆರೆ, ಒಂದೇ ಮಗ್ಗುಲು..."

"ಜೋರಾಗಿ! ಕೇಳಿಸಲಿಲ್ಲ."

ತಪ್ಪು ಮಾಡಿದವರೂ ಅವರೇ, ಗದರುವವರೂ ಅವರೇ! ಅವನಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಬೀದಿಗೆ ಕೇಳುವಂತೆ ಓದಿದ. ಅಣ್ಣ 'ಹೂಂ' ಎಂದರು. ಕತ್ತಲಾಗುವ ಮುನ್ನ ವ್ಯಾನು ಹೊರಟಿತು, ತ್ರಿಕೋನಗಳು ನುಣ್ಣಗಿದ್ದವು.

ಮೇಡಂ ಕೂರುತ್ತಿದ್ದ ಕುರ್ಚಿ ಇನ್ನು ಅವನದು. ಸಾಲು ಮೇಡಂ ನೂರು ಕಾಲ ಬಾಳಲಿ, ಅದರಲ್ಲಿ ಒಂದಿಷ್ಟನ್ನಾದರೂ ಮನೆಯಲ್ಲಿ ಕಳೆಯಲಿ. ವಾರಕ್ಕೊಮ್ಮೆ ಬಂದು ಕೆಲಸ ಮಾಡಿಕೊಡುತ್ತೇನೆಂದು ಈಗಾಗಲೇ ಹೆದರಿಸಿದ್ದಾರೆ. ಬರಲಿ. ಕುರ್ಚಿ ಕೊಡುತ್ತೇವೆ, ಕೀಬೋರ್ಡೂ ಕೊಡುತ್ತೇವೆ. ಎಂಟರ್ ಒತ್ತುವ ಮೊದಲು ಮಾತ್ರ ಸಾಲನ್ನು ಓದಿಸುತ್ತೇವೆ, ಜೋರಾಗಿ.